ತಾಯಿ ಸತ್ತ ಮೇಲೆ ಆ ಎರಡು ಚಿರತೆ ಮರಿಗಳು ಕಾಡಿನಲ್ಲಿ ಬದುಕುತ್ತವಾ?

ಓದುಗರ ಪ್ರಶ್ನೆ: "ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಮರಿ ಹಾಕಿದ್ದ ಚಿರತೆಯೊಂದು ಸತ್ತುಹೋಯಿತು. ಎರಡು ಮರಿ ಉಳಿದಿವೆ ಅಂತ ಜನ ಹೇಳುತ್ತಾರೆ. ತಾಯಿ ಇಲ್ಲದೆ ಅವೆರಡೇ ಬದುಕುತ್ತವಾ? ನಾವು ಕೋಳಿ, ಮಾಂಸ ಏನಾದರೂ ಇಟ್ಟು ಬರಬಹುದಾ? ಇಲ್ಲ, ಹಿಡಿಸಿ ಕೊಡೋದೇ ಒಳ್ಳೆಯದಾ?"

ಈ ಪ್ರಶ್ನೆಯನ್ನು ತೀರ್ಥಹಳ್ಳಿ ಕಡೆಯವರು ಕೇಳಿದ್ದಾರೆ, ಹೊಸನಗರದವರು ಕೇಳಿದ್ದಾರೆ, ಭದ್ರಾವತಿ ಕಡೆ ಕಬ್ಬು ಬೆಳೆಯುವವರು ಕೇಳಿದ್ದಾರೆ. ಕೆಲವೊಮ್ಮೆ ಚಿರತೆ, ಕೆಲವೊಮ್ಮೆ ಕಾಡುಬೆಕ್ಕು, ಒಮ್ಮೊಮ್ಮೆ ಮಂಗನ ಮರಿ. ಕೇಳುವವರ ಮನಸ್ಸಿನಲ್ಲಿ ಇರುವುದು ಮಾತ್ರ ಒಂದೇ ಸಂಕಟ: ತಬ್ಬಲಿಗಳು, ಪಾಪ, ಏನು ಮಾಡುತ್ತವೋ.

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇನೆ. ಎಲ್ಲ ನಿಂತಿರುವುದು ವಯಸ್ಸಿನ ಮೇಲೆ. ಹಾಲು ಕುಡಿಯುವ ಮರಿಗಳಾದರೆ, ಅಂದರೆ ಸುಮಾರು 3 ತಿಂಗಳ ಒಳಗಿನವಾದರೆ, ತಾಯಿ ಇಲ್ಲದೆ ಬದುಕುವುದಿಲ್ಲ. 10 ತಿಂಗಳು ದಾಟಿದ್ದರೆ ಬದುಕಬಹುದು, ಅಣ್ಣ ತಂಗಿ ಒಟ್ಟಿಗಿದ್ದರೆ ಇನ್ನೂ ಗಟ್ಟಿ. ಇವೆರಡರ ನಡುವೆ ಇದ್ದರೆ ಕಷ್ಟದ ಮಾತು, ಅಲ್ಲಿ ಅರಣ್ಯ ಇಲಾಖೆಯವರು ನೋಡಿಯೇ ತೀರ್ಮಾನ ಮಾಡಬೇಕು. ಊಟ ಇಡಬೇಡಿ. ನೀವಾಗಿ ಹಿಡಿಯಲೂ ಹೋಗಬೇಡಿ.

ಆದರೆ ಇಷ್ಟು ಹೇಳಿ ಬಿಟ್ಟರೆ ಸಾಲದು. ಯಾಕೆಂದರೆ ಹತ್ತರಲ್ಲಿ ಎಷ್ಟೋ ಸಲ ಆ ಮರಿಗಳು ತಬ್ಬಲಿಗಳೇ ಆಗಿರುವುದಿಲ್ಲ. ನಾವೇ ಹೋಗಿ ತಬ್ಬಲಿ ಮಾಡಿಬಿಡುತ್ತೇವೆ. ಇದನ್ನು ನಾನು ಚಿಕ್ಕವನಿದ್ದಾಗಲೇ ನಮ್ಮ ಮನೆಯಲ್ಲಿ ನೋಡಿದ್ದೇನೆ.

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಬೇಸಿಗೆ ಶುರುವಾಗುವ ಹೊತ್ತು, ಕೊಟ್ಟಿಗೆಗೆ ಹಾಕಲು ಸೊಪ್ಪಿನ ಬೆಟ್ಟದಲ್ಲಿ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸುತ್ತಿದ್ದರು. ಒಂದು ಮತ್ತಿ ಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ, ಮೂರು ಕಾಡುಬೆಕ್ಕಿನ ಮರಿ. ಒಂದರ ಮೇಲೊಂದು ಬಿದ್ದುಕೊಂಡು ಮಲಗಿದ್ದವು, ಯಾವ ಕಾಲು ಯಾರದ್ದು ಅಂತ ಗೊತ್ತಾಗದ ಹಾಗೆ. ತಾಯಿ ಸುತ್ತಮುತ್ತ ಎಲ್ಲೂ ಕಾಣಲಿಲ್ಲ. ಕೆಲಸಕ್ಕೆ ಬಂದಿದ್ದವರೊಬ್ಬರು "ತಾಯಿ ಸತ್ತಿರಬೇಕು, ನಾಯಿ ಬಾಯಿಗೆ ಹೋಗುತ್ತವೆ" ಅಂದರು. ನಾನು ಹಠ ಮಾಡಿ ಹೆಡಿಗೆಯಲ್ಲಿ ದರಗು ಹಾಸಿ ಮೂರನ್ನೂ ಮನೆಗೆ ತಂದೆ. ಹಸುವಿನ ಹಾಲನ್ನು ಬತ್ತಿಯಲ್ಲಿ ಅದ್ದಿ ಬಾಯಿಗಿಟ್ಟರೆ ಕುಡಿಯಲಿಲ್ಲ. ಮೈ ಮಾತ್ರ ಬಿಸಿ, ಹೊಟ್ಟೆ ಉಬ್ಬಿತ್ತು. ಈಗ ಯೋಚಿಸಿದರೆ ಅರ್ಥವಾಗುತ್ತದೆ, ಹೊಟ್ಟೆ ಉಬ್ಬಿದ್ದು ಹಾಲು ತುಂಬಿದ್ದಕ್ಕೆ. ಬೆಳಿಗ್ಗೆಯಷ್ಟೇ ತಾಯಿ ಕುಡಿಸಿ ಹೋಗಿತ್ತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆ ಹಿಂದಿನ ದಣಪೆಯ ಹತ್ತಿರ ಒಂದು ಕೂಗು ಶುರುವಾಯಿತು. ಗಂಟಲಲ್ಲೇ ಉಳಿದ ಗಡಸು ಮಿಯಾಂವ್. ಒಂದು ಸಲ ಕೊಟ್ಟಿಗೆ ಕಡೆಯಿಂದ, ಇನ್ನೊಂದು ಸಲ ಬಚ್ಚಲು ಒಲೆಯ ಹಿಂದಿನಿಂದ. ಜಗುಲಿಯ ಹೆಡಿಗೆಯಲ್ಲಿದ್ದ ಮೂರೂ ಒಟ್ಟಿಗೆ ಎದ್ದು ಉತ್ತರ ಕೊಡತೊಡಗಿದವು. ಅಜ್ಜಿ ಎದ್ದು ಬಂದು ಒಂದೂ ಮಾತಾಡದೆ ಹೆಡಿಗೆ ಎತ್ತಿಕೊಂಡು ಹೋಗಿ ಅಂಗಳದ ಆಚೆ ತೋಟದ ತುದಿಯಲ್ಲಿ ಇಟ್ಟು ಬಂದರು. ನಾಯಿಯನ್ನು ಒಳಗೆ ಕಟ್ಟಿ ಹಾಕಿ, ದೀಪ ಆರಿಸಿದರು. ಬೆಳಿಗ್ಗೆ ಹೋಗಿ ನೋಡಿದರೆ ಹೆಡಿಗೆಯಲ್ಲಿ ಒಂದೇ ಮರಿ ಉಳಿದಿತ್ತು. ನಾನು ಮತ್ತೆ ಎತ್ತಿಕೊಳ್ಳಲು ಹೋದೆ. ಅಜ್ಜಿ ಕೈ ಹಿಡಿದು ನಿಲ್ಲಿಸಿದರು. ಆ ದಿನ ಸಂಜೆ ಕತ್ತಲಾದ ಮೇಲೆ ಅದನ್ನೂ ತಾಯಿ ಕಚ್ಚಿಕೊಂಡು ಹೋಯಿತು.

ಬೆಕ್ಕಿನ ಜಾತಿಯ ತಾಯಿಯ ರೀತಿಯೇ ಹೀಗೆ. ಅದು ಒಂಟಿಯಾಗಿ ಬೇಟೆಯಾಡಬೇಕು, ಮರಿಗಳನ್ನು ಬಚ್ಚಿಟ್ಟು ಗಂಟೆಗಟ್ಟಲೆ, ಚಿರತೆಯಾದರೆ ಕೆಲವೊಮ್ಮೆ ಇಡೀ ರಾತ್ರಿ, ದೂರ ಹೋಗಬೇಕು. ಜಾಗ ಬದಲಿಸುವಾಗ ಒಂದೊಂದೇ ಮರಿ ಸಾಗಿಸುತ್ತದೆ. ಒಂದನ್ನು ಕಚ್ಚಿಕೊಂಡು ಹೋಗಿ ಬರುವಷ್ಟರಲ್ಲಿ ಉಳಿದದ್ದನ್ನು ನಾವು ನೋಡಿ "ಬಿಟ್ಟು ಹೋಗಿದೆ" ಅಂತ ತೀರ್ಮಾನ ಮಾಡುತ್ತೇವೆ. 2022ರ ಜನವರಿಯಲ್ಲಿ ಪಾಲಕ್ಕಾಡ್ ಹತ್ತಿರದ ಉಮ್ಮಿನಿ ಎಂಬಲ್ಲಿ ಪಾಳು ಮನೆಯೊಂದರಲ್ಲಿ ಎರಡು ಚಿರತೆ ಮರಿ ಸಿಕ್ಕಾಗ ತಾಯಿ ರಾತ್ರಿ ಬಂದು ಒಂದನ್ನು ಮಾತ್ರ ಎತ್ತಿಕೊಂಡು ಹೋಯಿತು. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಕಾಲಕ್ಕೆ ಚಿರತೆ ಮರಿ ಸಿಗುವುದು ಮಾಮೂಲಿ. ಅಲ್ಲಿ ಅರಣ್ಯದವರು ಮರಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಸಿಕ್ಕಿದ ಜಾಗದಲ್ಲೇ ಸಂಜೆ ಇಟ್ಟು, ಕ್ಯಾಮೆರಾ ಹಚ್ಚಿ, ಜನರನ್ನೆಲ್ಲ ದೂರ ಕಳಿಸುತ್ತಾರೆ. ತಾಯಿ ಬರುತ್ತದೆ, ಪೆಟ್ಟಿಗೆ ಮೂಸುತ್ತದೆ, ಉರುಳಿಸುತ್ತದೆ, ಮರಿ ಕಚ್ಚಿಕೊಂಡು ಹೊರಡುತ್ತದೆ. ಹೀಗೆ ತಾಯಿ ಮಡಿಲು ಸೇರಿದ ಮರಿಗಳು ಎಷ್ಟೋ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ಸೇರಿಸುತ್ತದೆ. ಸುತ್ತ ಜನ ನಿಂತು ಮೊಬೈಲ್ ಹಿಡಿದುಕೊಂಡಿದ್ದರೆ ಮಾತ್ರ ಬರುವುದಿಲ್ಲ.

ಈಗ ನಿಜವಾಗಿಯೇ ತಾಯಿ ಸತ್ತಿದೆ ಅಂದುಕೊಳ್ಳಿ. ಹೆಣ ಸಿಕ್ಕಿದೆ. ಆಗ ಮೊದಲು ನೋಡಬೇಕಾದ್ದು ಆ ಹೆಣದ ಮೊಲೆಯನ್ನು. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಕಡೆಯ ಒಬ್ಬ ಅರಣ್ಯ ರಕ್ಷಕರು. ಮೊಲೆಯಲ್ಲಿ ಹಾಲಿದ್ದರೆ ಮರಿಗಳು ತುಂಬಾ ಚಿಕ್ಕವು, ಎಲ್ಲೋ ಹತ್ತಿರದಲ್ಲೇ ಬಂಡೆ ಸಂದಿಯಲ್ಲೋ ಪೊದೆಯಲ್ಲೋ ಇವೆ, ಗಂಟೆ ಲೆಕ್ಕದಲ್ಲಿ ಹುಡುಕಬೇಕು. ಮೊಲೆ ಬತ್ತಿದ್ದರೆ ಮರಿಗಳು ಮಾಂಸ ತಿನ್ನುವ ವಯಸ್ಸಿಗೆ ಬಂದಿವೆ, ಸ್ವಲ್ಪ ಸಮಾಧಾನ.

ಚಿರತೆಯ ಬಾಲ್ಯ ಹೀಗಿರುತ್ತದೆ. ಹುಟ್ಟುವಾಗ ಅರ್ಧ ಕಿಲೋ ತೂಕ, ಕಣ್ಣು ಮುಚ್ಚಿರುತ್ತದೆ. ಸಾಮಾನ್ಯವಾಗಿ ಎರಡು ಮರಿ, ಕೆಲವೊಮ್ಮೆ ಮೂರು. ವಾರ ಹತ್ತು ದಿನದಲ್ಲಿ ಕಣ್ಣು ಬಿಡುತ್ತವೆ. ಒಂದೂವರೆ ಎರಡು ತಿಂಗಳಿಗೆ ತಾಯಿಯ ಹಿಂದೆ ತಟಪಟ ಹೆಜ್ಜೆ ಹಾಕಿ ಹೊಡೆದ ಬೇಟೆಯ ಹತ್ತಿರ ಬರುತ್ತವೆ, ಮಾಂಸದ ರುಚಿ ನೋಡುತ್ತವೆ. ಮೂರು ತಿಂಗಳ ಆಸುಪಾಸು ಹಾಲು ಬಿಡುತ್ತವೆ. ಅಲ್ಲಿಂದ ಮುಂದೆ ಸುಮಾರು ಒಂದು ವರ್ಷದ ಪಾಠ. ಒಂದರಿಂದ ಒಂದೂವರೆ ವರ್ಷದೊಳಗೆ ತಾಯಿಯನ್ನು ಬಿಟ್ಟು ಹೊರಡುತ್ತವೆ, ಕೆಲವು ಇನ್ನೂ ಸ್ವಲ್ಪ ದಿನ ಜೊತೆಗಿರುತ್ತವೆ.

ಆ ಒಂದು ವರ್ಷದಲ್ಲಿ ತಾಯಿ ಏನು ಕೊಡುತ್ತದೆ, ಒಡಹುಟ್ಟು ಏನು ಕೊಡುತ್ತದೆ? ನನಗೆ ಈ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಎರಡು ಮರಿ ಒಟ್ಟಿಗಿದ್ದರೆ ಮಲಗುವಾಗ ಮೈ ಬೆಚ್ಚಗಿರುತ್ತದೆ. ನಮ್ಮ ಕಡೆಯ ಜಡಿಮಳೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದರ ಕಿವಿಗೆ ಬೀಳದ್ದು ಇನ್ನೊಂದರ ಕಿವಿಗೆ ಬೀಳುತ್ತದೆ. ಮತ್ತೆ ಅವು ದಿನವಿಡೀ ಆಡುವ ಆಟ ಇದೆಯಲ್ಲ, ಬಾಲ ಹಿಡಿಯುವುದು, ಪೊದೆ ಹಿಂದೆ ಕೂತು ಮೇಲೆ ಹಾರುವುದು, ಕುತ್ತಿಗೆ ಕಚ್ಚಿ ಉರುಳಾಡುವುದು, ಅದೇ ಬೇಟೆಯ ಅಭ್ಯಾಸ. ಎಷ್ಟು ಬಲವಾಗಿ ಕಚ್ಚಬೇಕು, ಎಷ್ಟು ಹತ್ತಿರ ಬಂದ ಮೇಲೆ ಹಾರಬೇಕು ಅನ್ನುವುದನ್ನು ಮರಿ ಕಲಿಯುವುದು ತನ್ನ ಅಣ್ಣನ ಮೈಮೇಲೆ. ಒಂಟಿ ಮರಿಗೆ ಆಡಲು ತಾಯಿಯೇ ಬೇಕು. ಆ ತಾಯಿಯೂ ಹೋದರೆ ಅದಕ್ಕೆ ಯಾರೂ ಇಲ್ಲ. ಹಾಗಾಗಿ ಯಾವ ಕಾರಣಕ್ಕೂ ಒಡಹುಟ್ಟಿದ ಮರಿಗಳನ್ನು ಬೇರೆ ಮಾಡಬೇಡಿ. ಒಂದನ್ನು ಒಬ್ಬರು ಎತ್ತಿಕೊಂಡು ಹೋಗಿ, ಇನ್ನೊಂದನ್ನು ಅಲ್ಲೇ ಬಿಟ್ಟರೆ ಎರಡಕ್ಕೂ ಅನ್ಯಾಯ.

ಒಡಹುಟ್ಟು ಕೊಡಲಾಗದ್ದು ಎರಡಿವೆ. ಒಂದು ಹೊಟ್ಟೆಗೆ ಊಟ. ಆರು ತಿಂಗಳ ಎರಡು ಮರಿ ಸೇರಿದರೂ ಒಂದು ಕಾಡುಕುರಿ (ಬೊಗಳುವ ಜಿಂಕೆ) ಕೆಡವುವುದು ಕಷ್ಟ. ಮರಿಯ ಹಾಲುಹಲ್ಲು ಸೂಜಿಯಷ್ಟು ಚೂಪು, ಆದರೆ ದೊಡ್ಡ ಕುತ್ತಿಗೆಗೆ ಆ ಹಲ್ಲು ಸಾಲದು. ಇಲಿ, ಮೊಲ, ಕಾಡುಕೋಳಿ, ಉಡ, ಹೀಗೆ ಸಣ್ಣದರಲ್ಲೇ ದಿನ ದೂಡಬೇಕು. ಇನ್ನೊಂದು ಕಾವಲು. ಚಿರತೆಯಲ್ಲಿ ಹೊಸ ಗಂಡೊಂದು ಆ ಜಾಗಕ್ಕೆ ಬಂದರೆ ತನ್ನದಲ್ಲದ ಮರಿಗಳನ್ನು ಕೊಲ್ಲುವುದುಂಟು. ಕಾಡುನಾಯಿಗಳ ಗುಂಪು, ಹುಲಿ, ಊರ ನಾಯಿ, ಎಲ್ಲದರಿಂದಲೂ ಅಪಾಯ. ತಾಯಿ ಇದ್ದಾಗ ಎದುರು ನಿಲ್ಲುತ್ತದೆ. ಇಲ್ಲದಾಗ ಮರ ಹತ್ತುವುದೊಂದೇ ದಾರಿ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಉದಾಹರಣೆ ಇದೆ, ಚಿರತೆಯದ್ದಲ್ಲ, ಹುಲಿಯದ್ದು. 2022ರ ನವೆಂಬರ್‌ನಲ್ಲಿ ನಾಗರಹೊಳೆಯ ಅಂತರಸಂತೆ ವಲಯದಲ್ಲಿ ಒಂದು ಹೆಣ್ಣು ಹುಲಿ ಉರುಳಿಗೆ ಸಿಕ್ಕಿ ಸತ್ತಿತು. ಅದರ ಹಿಂದೆ ವರ್ಷ ತುಂಬದ ಮೂರು ಮರಿ. ಇಲಾಖೆಯವರು ಸಾಕಾನೆ ಮೇಲೆ ಹತ್ತಿ, ಕ್ಯಾಮೆರಾ ಇಟ್ಟು ಹುಡುಕಿದರು. ಮೂರೂ ಒಟ್ಟಿಗಿದ್ದವು, ಅಷ್ಟೇ ಅಲ್ಲ, ತಾವೇ ಬೇಟೆ ಹಿಡಿದು ತಿಂದದ್ದೂ ಗೊತ್ತಾಯಿತು. ಹಿಡಿದು ತರಲಿಲ್ಲ, ದೂರದಿಂದ ಕಣ್ಣಿಟ್ಟರು. ಹತ್ತು ತಿಂಗಳು ಅನ್ನುವ ಗೆರೆಯನ್ನು ನಾನು ಮೇಲೆ ಹೇಳಿದ್ದು ಇಂಥದ್ದನ್ನು ನೋಡಿಯೇ.

ರಾಜಸ್ಥಾನದ ರಣಥಂಬೋರ್‌ನಲ್ಲಿ ಇನ್ನೂ ಬೇರೆ ರೀತಿ ಆಯಿತು. 2011ರ ಫೆಬ್ರವರಿಯಲ್ಲಿ ಟಿ-5 ಎಂಬ ಹೆಣ್ಣು ಹುಲಿ ಸತ್ತಾಗ ಎರಡು ಹೆಣ್ಣು ಮರಿ ಉಳಿದವು. ಇಷ್ಟು ಚಿಕ್ಕವು ಉಳಿಯಲಾರವು ಅಂತ ಎಲ್ಲರೂ ಅಂದುಕೊಂಡಿದ್ದಾಗ ಕ್ಯಾಮೆರಾದಲ್ಲಿ ಕಂಡದ್ದು ಟಿ-25 ಎಂಬ ಗಂಡು ಹುಲಿ, ಆ ಮರಿಗಳ ಜೊತೆ ನಡೆಯುತ್ತಾ. ಗಂಡು ಹುಲಿ ಮರಿ ಸಾಕುವುದಿಲ್ಲ ಅಂತಲೇ ಅಲ್ಲಿಯವರೆಗೆ ಎಲ್ಲರೂ ನಂಬಿದ್ದದ್ದು. ಅಕ್ಕ ತಂಗಿ ಇಬ್ಬರೂ ಬೆಳೆದರು, 2013ರ ಜನವರಿಯಲ್ಲಿ ಇಬ್ಬರನ್ನೂ ಸರಿಸ್ಕಾಕ್ಕೆ ಕರೆದೊಯ್ದರು. ಹುಲಿಗಳೇ ಇಲ್ಲದಂತಾಗಿದ್ದ ಸರಿಸ್ಕಾವನ್ನು ಮತ್ತೆ ತುಂಬಿಸುವ ಕೆಲಸ ಆಗ ನಡೆಯುತ್ತಿತ್ತು. ಅಲ್ಲಿ ಅವು ಎಸ್‌ಟಿ-9, ಎಸ್‌ಟಿ-10 ಆದವು.

ತೀರಾ ಪುಟ್ಟ ಮರಿಗಳಾದರೆ? ಅದಕ್ಕೂ ಒಂದು ಉದಾಹರಣೆ ಇದೆ, ಮಧ್ಯಪ್ರದೇಶದ ಕಾನ್ಹಾದಲ್ಲಿ. ತಾಯಿ ಕಳೆದುಕೊಂಡ ಹುಲಿ ಮರಿಗಳನ್ನು ಕಾಡಿನೊಳಗೇ ದೊಡ್ಡ ಬೇಲಿ ಹಾಕಿ, ಜನರ ಮುಖ ಆದಷ್ಟು ಕಾಣದ ಹಾಗೆ ಬೆಳೆಸಿದರು. ಒಳಗೇ ಜಿಂಕೆ ಬಿಟ್ಟು ಬೇಟೆ ಕಲಿಸಿದರು. ಅವುಗಳಲ್ಲಿ ಇಬ್ಬರು ಅಕ್ಕ ತಂಗಿಯರನ್ನು 2011ರಲ್ಲಿ ಪನ್ನಾ ಕಾಡಿಗೆ ಬಿಟ್ಟರು. ಮನುಷ್ಯರ ಕೈಯಲ್ಲಿ ಬೆಳೆದ ಆ ಹುಲಿಗಳು ಅಲ್ಲಿ ಬೇಟೆಯಾಡಿದವು, ಮರಿ ಹಾಕಿದವು. ತಬ್ಬಲಿ ಹುಲಿ ಮರಿಗಳನ್ನು ಹೀಗೆ ಬಿಡುವ ಮೊದಲು ಕನಿಷ್ಠ 2 ವರ್ಷ ತುಂಬಿರಬೇಕು, 50 ಬೇಟೆಯನ್ನಾದರೂ ತಾವೇ ಹೊಡೆದಿರಬೇಕು ಅಂತ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮವೇ ಇದೆ. ಎಷ್ಟು ಜನ, ಎಷ್ಟು ವರ್ಷ, ಎಷ್ಟು ಹಣ ಬೇಕು ನೋಡಿ. ಪ್ರತಿ ಚಿರತೆ ಮರಿಗೂ ಇದು ಆಗದ ಮಾತು. ಕೈಯಲ್ಲಿ ಹಾಲು ಕುಡಿದು ಬೆಳೆದ ಹೆಚ್ಚಿನ ಚಿರತೆ ಮರಿಗಳು ಕೊನೆಗೆ ಮೃಗಾಲಯದಲ್ಲೇ ಉಳಿಯುತ್ತವೆ. ಶಿವಮೊಗ್ಗ-ಸಾಗರ ರಸ್ತೆಯ ತ್ಯಾವರೆಕೊಪ್ಪದ ಮೃಗಾಲಯಕ್ಕೆ ಹೋದರೆ ಅಂಥ ಚಿರತೆಗಳು ಸಿಗುತ್ತವೆ. ಹೊಟ್ಟೆಗೆ ಇದೆ, ಆರೈಕೆ ಇದೆ. ಆದರೆ ಗುಡ್ಡ ಇಲ್ಲ.

ಗುಡ್ಡ ಅಂದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರಿಗಳಿಗೆ ಕಾಡಿನಲ್ಲಿ ಮನೆ ಅಂದರೆ ನಾವು ಗುಹೆ, ಬಂಡೆ ಸಂದಿ ಅಂದುಕೊಳ್ಳುತ್ತೇವೆ. ಅದು ಹುಟ್ಟಿದ ಎರಡು ಮೂರು ತಿಂಗಳಿಗೆ ಮಾತ್ರ. ಆಮೇಲೆ ಚಿರತೆಗೆ ಮನೆ ಅಂದರೆ ಒಂದು ವಠಾರ. ಹತ್ತಾರು ಚದರ ಕಿಲೋಮೀಟರ್. ಯಾವ ಹಳ್ಳದಲ್ಲಿ ಏಪ್ರಿಲ್‌ನಲ್ಲೂ ನೀರು ಇರುತ್ತದೆ, ಯಾವ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಸಂಜೆ ಮೊಲ ಮೇಯುತ್ತದೆ, ಯಾವ ಮನೆಯ ನಾಯಿ ಕಟ್ಟಿ ಹಾಕಿರುತ್ತದೆ, ಯಾವ ದಾರಿಯಲ್ಲಿ ರಾತ್ರಿ ಎಷ್ಟು ಹೊತ್ತಿನ ಮೇಲೆ ಜನ ಓಡಾಡುವುದಿಲ್ಲ, ಇದೆಲ್ಲ ತಲೆಯಲ್ಲಿ ಇರಬೇಕು. ತಾಯಿಯ ಹಿಂದೆ ಒಂದು ವರ್ಷ ಸುತ್ತಿದ ಮರಿಗೆ ಇದು ಗೊತ್ತಿರುತ್ತದೆ. ತಬ್ಬಲಿ ಮರಿಗೆ ತಾಯಿ ಬಿಟ್ಟು ಹೋಗುವ ಆಸ್ತಿ ಅಂದರೆ ಅದೇ. ಹಾಗಾಗಿ ಅಂಥ ಮರಿಗಳನ್ನು ಹಿಡಿದು ಐವತ್ತು ಕಿಲೋಮೀಟರ್ ಆಚೆ, "ದಟ್ಟ ಕಾಡಿದೆ, ಚೆನ್ನಾಗಿರುತ್ತವೆ" ಅಂತ ಬಿಟ್ಟು ಬರುವುದು ಕಾಡಿಗೆ ಬಿಟ್ಟ ಹಾಗಲ್ಲ. ಅಲ್ಲಿ ಆಗಲೇ ಬೇರೆ ಚಿರತೆಗಳಿವೆ. ಭದ್ರಾ ಕಾಡಾದರೆ ಹುಲಿಗಳೂ ಇವೆ. ಗುರುತಿಲ್ಲದ ಊರಲ್ಲಿ, ಇನ್ನೊಬ್ಬರ ಅಂಗಳದಲ್ಲಿ ಕತ್ತಲಲ್ಲಿ ಬಿಟ್ಟು ಬಂದ ಹಾಗೆ.

ಬೇರೆ ಪ್ರಾಣಿಗಳ ಬಗ್ಗೆಯೂ ಕೇಳುತ್ತಾರೆ, ಬೇಗ ಹೇಳುತ್ತೇನೆ. ಕಾಡುನಾಯಿಗಳಿಗೆ ತಬ್ಬಲಿತನದ ಪೆಟ್ಟು ಕಡಿಮೆ. ಹಾಲು ಬಿಟ್ಟ ಮರಿಯಾದರೆ ಇಡೀ ಗುಂಪೇ ಸಾಕುತ್ತದೆ. ಚಿಕ್ಕಪ್ಪ, ಅತ್ತೆ, ಹಿಂದಿನ ವರ್ಷದ ಅಣ್ಣಂದಿರು ಎಲ್ಲರೂ ಬೇಟೆ ತಿಂದು ಬಂದು ಮರಿಗಳ ಮುಂದೆ ಕಕ್ಕಿ ಉಣಿಸುತ್ತಾರೆ. ಆನೆಯಲ್ಲಿ ಎರಡು ವರ್ಷದ ಒಳಗಿನ ಮರಿ ತಾಯಿ ಹಾಲಿಲ್ಲದೆ ಉಳಿಯುವುದು ಬಹಳ ಕಷ್ಟ. ಆದರೆ ಒಡಹುಟ್ಟಿನ ಬೆಲೆ ಅಲ್ಲೂ ಇದೆ. ಮ್ಯಾನ್ಮಾರ್‌ನಲ್ಲಿ ಮರ ಸಾಗಿಸುವ ಆನೆಗಳ ಹಳೆಯ ದಾಖಲೆಗಳನ್ನು ಜೋಡಿಸಿ ನೋಡಿದಾಗ ಅಕ್ಕ ಇದ್ದ ಹೆಣ್ಣಾನೆಗಳು ಹೆಚ್ಚು ಕಾಲ ಬದುಕಿದ್ದು ಕಂಡುಬಂತು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಿಗ್ಗೆ ಹೋಗಿ ತುಂಗೆಯ ಹಿನ್ನೀರಿನಲ್ಲಿ ಆನೆಗಳು ಮೀಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿಯಾನೆ ದೊಡ್ಡವುಗಳ ಕಾಲ ಸಂದಿ ಬಿಟ್ಟು ಆಚೆ ಬರುವುದೇ ಇಲ್ಲ.

ಮಂಗನ ಮರಿಯ ವಿಷಯ ಮಾತ್ರ ನಿಧಾನವಾಗಿ ಓದಿ. ಸತ್ತ ತಾಯಿಯ ಎದೆಗೆ ಕಚ್ಚಿಕೊಂಡ ಮರಿಯನ್ನು ನೋಡಿದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ, ಎತ್ತಿಕೊಳ್ಳೋಣ ಅನಿಸುತ್ತದೆ. ಎತ್ತಬೇಡಿ. ನಮ್ಮ ಮಲೆನಾಡಿನಲ್ಲಿ ಮಂಗ ಸುಮ್ನೆ ಸತ್ತು ಬಿದ್ದಿದ್ದರೆ ಮೊದಲು ನೆನಪಾಗಬೇಕಾದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಅದಕ್ಕೇ ಜಗತ್ತೆಲ್ಲ ಆ ಊರಿನ ಹೆಸರಲ್ಲೇ ಅದನ್ನು ಕರೆಯುತ್ತದೆ. 2019ರ ಹೊತ್ತಿಗೆ ಸಾಗರದ ಅರಳಗೋಡು ಕಡೆ ಅದು ಎಷ್ಟು ಮನೆಗಳಲ್ಲಿ ಸಾವು ತಂದಿತು ಅಂತ ಈ ಕಡೆಯವರಿಗೆ ಗೊತ್ತು. ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳದಿಂದ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಮರಿಯ ಮೈಮೇಲೂ ಇರುತ್ತವೆ. ಚಳಿಗಾಲ ಶುರುವಾದಾಗಿನಿಂದ ಬೇಸಿಗೆ ಮುಗಿಯುವವರೆಗೆ ಇದರ ಕಾಟ ಜಾಸ್ತಿ. ಹತ್ತಿರ ಹೋಗದೆ, ಮಕ್ಕಳನ್ನು ಬಿಡದೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಕೂಡಲೇ ತಿಳಿಸಿ. ಮರಿಯನ್ನು ಗುಂಪಿನ ಬೇರೆ ಮಂಗಗಳು ಎತ್ತಿಕೊಳ್ಳುವುದೂ ಉಂಟು, ಅದಕ್ಕೂ ನಾವು ದೂರ ಸರಿಯಲೇಬೇಕು.

ಇನ್ನು ಕೋಳಿ, ಮಾಂಸ ಇಡುವ ಮಾತು. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಮನುಷ್ಯರ ವಾಸನೆ ಇದ್ದ ಕಡೆ ಊಟ ಸಿಗುತ್ತದೆ ಅಂತ ಒಂದು ಸಲ ಮರಿ ಕಲಿತರೆ ಆಮೇಲೆ ಅದು ಕೊಟ್ಟಿಗೆಗೆ ಬರುತ್ತದೆ, ಜಗುಲಿಯ ನಾಯಿಗೆ ಬರುತ್ತದೆ. ಆಗ ಬೋನು ಇಡಿ ಅಂತ ಊರೇ ಎದ್ದು ನಿಲ್ಲುತ್ತದೆ. ಇವತ್ತು ಕೋಳಿ ಇಟ್ಟ ಕೈಯೇ ಅದರ ಬೋನಿಗೆ ದಾರಿ ಮಾಡಿದ ಹಾಗೆ ಆಗುತ್ತದೆ. ಊಟದ ಬದಲು ನೀವು ಮಾಡಬಹುದಾದ ಒಳ್ಳೆಯ ಕೆಲಸ ಬೇರೆ ಇದೆ. ತೋಟದ ಬೇಲಿ ಸುತ್ತ ಒಂದು ಸಲ ನಡೆದು ಬನ್ನಿ. ಹಂದಿಗೆ ಅಂತ ಯಾರೋ ಕಟ್ಟಿದ ಉರುಳು ಇರಬಹುದು. ಹೆಚ್ಚಾಗಿ ಬೈಕಿನ ಬ್ರೇಕಿನ ತಂತಿ, ನೆಲದಿಂದ ಒಂದು ಮೊಳ ಮೇಲೆ, ಬೇಲಿಯ ಸಂದಿಯಲ್ಲಿ ಕಾಣದ ಹಾಗೆ. ಕಂಡರೆ ಬಿಚ್ಚಿಸಿ. ಹಂದಿಗೆ ಕಟ್ಟಿದ್ದರಲ್ಲಿ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡಿ ಸಾಯುತ್ತದೆ. ಹಸು ಸತ್ತ ಸಿಟ್ಟಿಗೆ ಹೆಣಕ್ಕೆ ವಿಷ ಹಾಕುವವರಿದ್ದರೆ ತಡೆಯಿರಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತವು. ಅಲ್ಲಿ ತಬ್ಬಲಿಯಾಗಲೂ ಯಾರೂ ಉಳಿಯಲಿಲ್ಲ. ಹಸುವಿಗೆ ಸರ್ಕಾರದಿಂದ ಪರಿಹಾರ ಸಿಗುತ್ತದೆ, ಹೆಣ ಅಲುಗಿಸದೆ ಅರಣ್ಯದವರಿಗೆ ತೋರಿಸಬೇಕು ಅಷ್ಟೇ.

ಮರಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ವಲಯ ಕಚೇರಿಗೆ ತಿಳಿಸಿ. ಜಾಗದ ಗುರುತು ಹೇಳಿ, ಎಷ್ಟು ಮರಿ, ಕಣ್ಣು ಬಿಟ್ಟಿವೆಯಾ, ನಡೆಯುತ್ತವೆಯಾ ಅಂತ ಹೇಳಿ. ಫೋಟೋ ತೆಗೆದರೆ ಅವರಿಗೆ ಮಾತ್ರ ಕಳಿಸಿ, ಗ್ರೂಪಿಗೆ ಹಾಕಬೇಡಿ. ಹಾಕಿದ ಅರ್ಧ ಗಂಟೆಗೆ ಅಲ್ಲಿ ಇಪ್ಪತ್ತು ಬೈಕು ನಿಂತಿರುತ್ತವೆ. ಸಾಕುತ್ತೇನೆ ಅಂತ ಮನೆಯಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಚಿರತೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, 3ರಿಂದ 7 ವರ್ಷ ಜೈಲಾಗುವ ಅಪರಾಧ.

ಕೊನೆಗೆ ನಮ್ಮ ಗುಡ್ಡದ ಎರಡು ಮರಿಗಳ ಕತೆ ಹೇಳುತ್ತೇನೆ. ಮೊಲೆ ನೋಡಬೇಕು ಅಂತ ನಾನು ಕಲಿತದ್ದೂ ಆವತ್ತೇ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದು ವಾರವಾಗಿರಬೇಕು, ನಮ್ಮೂರ ಮೇಲಿನ ತಿರುವಿನಲ್ಲಿ ರಾತ್ರಿ ಯಾವುದೋ ಗಾಡಿ ಹೊಡೆದು ಒಂದು ಹೆಣ್ಣು ಚಿರತೆ ಸತ್ತಿತ್ತು. ಬೆಳಿಗ್ಗೆ ಇಬ್ಬನಿ ಅದರ ಮೀಸೆಯ ಮೇಲೆ ಹಾಗೇ ನಿಂತಿತ್ತು. ಅರಣ್ಯ ರಕ್ಷಕರು ಮಂಡಿಯೂರಿ ಕೂತು ಮೊಲೆ ಒತ್ತಿ ನೋಡಿ "ಹಾಲಿಲ್ಲ" ಅಂದರು. ಆದರೆ ಮಳೆಗಾಲದಿಂದಲೂ ಆ ದಾರಿಯಲ್ಲಿ ಎರಡು ಮರಿಗಳ ಜೊತೆ ಅದನ್ನು ಕಂಡವರು ಇದ್ದರು. ಲೆಕ್ಕ ಹಾಕಿದರೆ ಮರಿಗಳಿಗೆ ಹತ್ತು ತಿಂಗಳ ಮೇಲೆ. ಹಿಡಿಯುವುದು ಬೇಡ, ನೋಡೋಣ ಅಂತ ತೀರ್ಮಾನವಾಯಿತು.

ನಮ್ಮ ತೋಟದ ಕೆಳಗೆ ಹಳ್ಳಕ್ಕೆ ಒಂದು ಸಂಕ, ಅಂದರೆ ಕಾಲುಸೇತುವೆ, ಇದೆ. ಅದರ ಪಕ್ಕದ ಕೆಸರಿನಲ್ಲಿ ರಾತ್ರಿ ಓಡಾಡಿದವರ ಲೆಕ್ಕವೆಲ್ಲ ಬೆಳಿಗ್ಗೆ ಸಿಗುತ್ತದೆ. ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಇರುತ್ತದೆ, ಚಿರತೆಯದ್ದರಲ್ಲಿ ಇರುವುದಿಲ್ಲ, ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತದೆ. ನಾಲ್ಕು ಬೆರಳು, ಹಿಂದೆ ದಪ್ಪ ಮೆತ್ತೆ. ಹೆಣ ಸಿಕ್ಕಿದ ಐದನೇ ದಿನ ಅಲ್ಲಿ ಎರಡು ಸಾಲು ಕಂಡಿತು. ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು. ಅಕ್ಕಪಕ್ಕ ಬಂದು, ಸಂಕದ ಹತ್ತಿರ ಜಾಗ ಕಿರಿದಾದಾಗ ಸಣ್ಣದು ದೊಡ್ಡದರ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ದಾಟಿತ್ತು. ನಾನು ಅಲ್ಲೇ ತುಂಬಾ ಹೊತ್ತು ಕೂತಿದ್ದೆ.

ಡಿಸೆಂಬರ್‌ನಲ್ಲಿ ಬ್ಯಾಣದ ಅಂಚಿಗೆ ಕಾಡುಕೋಳಿ ಪುಕ್ಕ ಸಿಕ್ಕಿತು. ಆಮೇಲೆ ಒಂದು ಮೊಲದ ಹಿಂಗಾಲು. ಜನವರಿಯಲ್ಲಿ ಪಕ್ಕದ ಮನೆಯ ನಾಯಿ ಹೋಯಿತು, ಬೋನು ಇಡಿಸಬೇಕು ಅಂತ ಮಾತೂ ಎದ್ದಿತು. ಆ ಮನೆಯ ಹಿರಿಯಮ್ಮನೇ "ನಾಯಿ ಕಟ್ಟಿ ಹಾಕೋದು ನಮ್ಮ ಕೆಲಸ, ಅವಕ್ಕೇನು ಅಪ್ಪನೋ ಅಮ್ಮನೋ" ಅಂದುಬಿಟ್ಟರು. ಮಾತು ಅಲ್ಲಿಗೇ ನಿಂತಿತು. ಊರವರೆಲ್ಲ ಕತ್ತಲಾಗುವ ಮೊದಲೇ ನಾಯಿಗಳನ್ನು ಒಳಗೆ ಕಟ್ಟತೊಡಗಿದರು. ಶಿವರಾತ್ರಿ ಹೊತ್ತಿಗೆ ಹಳ್ಳದ ಆಚೆ ಹೊನ್ನೆ ಮರದ ಕವಲಿನಲ್ಲಿ ಕಾಡುಕುರಿಯೊಂದರ ಅರ್ಧ ಮೈ ನೇತಾಡುತ್ತಿತ್ತು. ಮರದ ಬುಡದಲ್ಲಿ ಎರಡೂ ಅಳತೆಯ ಹೆಜ್ಜೆ. ಆವತ್ತು ನಮ್ಮ ಮನೆಯಲ್ಲಿ ಎಲ್ಲರಿಗೂ ಹಬ್ಬದ ಹಾಗೆ ಅನಿಸಿತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಳ್ಳ ತುಂಬಿ ಎಲ್ಲ ಅಳಿಸಿಹೋಯಿತು. ನಾಲ್ಕು ತಿಂಗಳು ಏನೂ ತಿಳಿಯಲಿಲ್ಲ. ಅಕ್ಟೋಬರ್‌ನಲ್ಲಿ ನೀರು ಇಳಿದು ಕೆಸರು ಗಟ್ಟಿಯಾದಾಗ ಕಂಡದ್ದು ಒಂದೇ ಸಾಲು. ಇಲಾಖೆಯವರು ಕ್ಯಾಮೆರಾ ಇಟ್ಟರು. ಹೆಣ್ಣು. ತಾಯಿಯ ಹಾಗೇ ಎಡಗಡೆ ಕುತ್ತಿಗೆಯ ಹತ್ತಿರ ಒತ್ತೊತ್ತಾಗಿ ಚುಕ್ಕೆ. ಗಂಡು ನಮ್ಮ ಗುಡ್ಡದಲ್ಲಿ ಇಲ್ಲ. ಚಿರತೆಗಳಲ್ಲಿ ಹೆಣ್ಣು ಮರಿ ತಾಯಿಯ ಜಾಗದಲ್ಲೋ ಅದರ ಪಕ್ಕದಲ್ಲೋ ಉಳಿಯುತ್ತದೆ, ಗಂಡು ದೂರ ಹೋಗಿ ಜಾಗ ಹುಡುಕಿಕೊಳ್ಳುತ್ತದೆ. ತಾಯಿ ಬದುಕಿದ್ದರೂ ಆ ವಯಸ್ಸಿಗೆ ಅವೆರಡು ಬೇರೆಯಾಗುತ್ತಿದ್ದವು.

ಅವಳು ಈಗಲೂ ಇದ್ದಾಳೆ. ತಾಯಿ ದಾಟುತ್ತಿದ್ದ ಅದೇ ತಿರುವಿನಲ್ಲಿ ರಸ್ತೆ ದಾಟುತ್ತಾಳೆ, ಸಾಮಾನ್ಯವಾಗಿ ಕೊನೆಯ ಬಸ್ಸು ಹೋದ ಮೇಲೆ. ರಾತ್ರಿ ಪೇಟೆಯಿಂದ ಬರುವಾಗ ನಮ್ಮೂರಿನವರೆಲ್ಲ ಅಲ್ಲಿ ಗಾಡಿಯನ್ನು ಸೆಕೆಂಡ್ ಗೇರಿಗೆ ಇಳಿಸುತ್ತೇವೆ.